ಮೂರು ದರ್ಜೆಯ ರೈಲು, ಒಂದೇ ದರ್ಜೆಯ ಸೊಳ್ಳೆ

ಮನೂರ್, ನಾರಾಯಣಖೇಡ, ಜಹೀರಾಬಾದ್, ತಾಂಡೂರಿನ ಮಕ್ಕಳೇ, ನಿಮಗೆಲ್ಲ ಹತ್ತಿರದ ದೊಡ್ಡ ಶಹರ ಹೈದರಾಬಾದ್. ನಿಮ್ಮ ಮುತ್ತಜ್ಜನ ಅಜ್ಜನಿಗೂ ಅದೇ ದೊಡ್ಡ ಶಹರವಾಗಿತ್ತು. ಆಗ ನಿಮ್ಮೂರುಗಳೆಲ್ಲ ನಿಜಾಮರ ರಾಜ್ಯದಲ್ಲಿದ್ದವು. 1956ರಲ್ಲಿ ರಾಜ್ಯಗಳ ಗಡಿಯನ್ನು ಹೊಸದಾಗಿ ಗುರುತಿಸುವವರೆಗೆ ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು.

ಇವತ್ತು ಆ ಶಹರಕ್ಕೆ ಹೋಗಿಬರೋಣ. ಈಗಿನ ಶಹರಕ್ಕಲ್ಲ, ಸುಮಾರು 130 ವರ್ಷ ಹಿಂದಿನ ಶಹರಕ್ಕೆ. ಆಗ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ ಆಳುತ್ತಿದ್ದಳು. 1837ರಲ್ಲಿ ಪಟ್ಟಕ್ಕೆ ಬಂದವಳು 1901ರವರೆಗೂ ರಾಣಿಯಾಗಿದ್ದಳು. ಹೈದರಾಬಾದಿನಲ್ಲಿ ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರ ಆಳ್ವಿಕೆ. ಮೂಸಿ ಹೊಳೆಯ ದಕ್ಷಿಣಕ್ಕೆ ಚಾರ್‌ಮಿನಾರಿನ ಹಳೆಯ ಪೇಟೆ ಮತ್ತು ನವಾಬರ ದೇವಡಿಗಳು. ಉತ್ತರಕ್ಕೆ ಇಂಗ್ಲಿಷರ ಪ್ರತಿನಿಧಿಯಾದ ರೆಸಿಡೆಂಟನ ಬಂಗಲೆ. ಹುಸೇನ್‌ಸಾಗರ ದಾಟಿದರೆ ಸಿಕಂದರಾಬಾದಿನ ದಂಡುಪ್ರದೇಶ. 1901ರ ಜನಗಣತಿಯ ಪ್ರಕಾರ ಇಡೀ ಶಹರದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಜನರಿದ್ದರು.

ಆ ಶಹರದಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಪೇಟ, ಪಲ್ಲಕ್ಕಿ, ಬಾಗಿಲಿನ ಎತ್ತರ ನೋಡಿದರೆ ತಿಳಿಯುತ್ತಿತ್ತು. ನಮ್ಮ ಪ್ರಶ್ನೆ ಬೇರೆ. ಬಿಸಿಲು, ನೀರು, ಕಲ್ಲು, ಸೊಳ್ಳೆಗಳಿಗೂ ಈ ದೊಡ್ಡವರು ಚಿಕ್ಕವರು ಎಂಬ ಲೆಕ್ಕ ಗೊತ್ತಿತ್ತೇ?

ಒಂದೇ ಇಂಜಿನ್

ತಾಂಡೂರಿನಲ್ಲಿ ರೈಲು ಹತ್ತಿ. ವಾಡಿಯಿಂದ ತಾಂಡೂರು, ವಿಕಾರಾಬಾದ್ ಹಾದು ಸಿಕಂದರಾಬಾದಿಗೆ ಹೋಗುವ ಈ ಹಳಿಯ ಮೇಲೆ 1874ರಿಂದ ರೈಲು ಓಡುತ್ತಿದೆ. ಮುಂಬಯಿಯಿಂದ ಬರುವ ದೊಡ್ಡ ಹಳಿಗೆ ನಿಜಾಮರ ರಾಜಧಾನಿಯನ್ನು ಜೋಡಿಸಿದ್ದು ಇದೇ ದಾರಿ.

ಡಬ್ಬಿಗಳಲ್ಲಿ ದರ್ಜೆಗಳಿದ್ದವು. ಮೊದಲ ದರ್ಜೆಯಲ್ಲಿ ಮೆತ್ತನೆಯ ಆಸನ, ಸಾಕಷ್ಟು ಜಾಗ. ಮೂರನೆಯ ದರ್ಜೆಯಲ್ಲಿ ಮರದ ಹಲಗೆ. ಗಂಟು, ಬುಟ್ಟಿ, ಕೂಸುಗಳ ಸಮೇತ ಒತ್ತೊತ್ತಾಗಿ ಕುಳಿತ ಜನ. ಟಿಕೆಟಿನ ಬೆಲೆಯಲ್ಲಿ ಬಹಳ ಅಂತರ. ಆದರೆ ಡಬ್ಬಿಗಳನ್ನೆಲ್ಲ ಒಂದಕ್ಕೊಂದು ಕೊಂಡಿಯಿಂದ ಬಿಗಿದಿದ್ದರು. ಇಂಜಿನ್ನಿನ ಬಾಯ್ಲರಿನಲ್ಲಿ ನೀರು ಕುದಿದು ಹಬೆಯಾಗುತ್ತದೆ. ಹಬೆಗೆ ನೀರಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜಾಗ ಬೇಕು. ಆ ಒತ್ತಡ ಕೊಂತವನ್ನು, ಅಂದರೆ ಪಿಸ್ಟನ್ನನ್ನು, ದೂಡುತ್ತದೆ, ಕೊಂತ ಗಾಲಿಯನ್ನು ತಿರುಗಿಸುತ್ತದೆ. ಕೊಂಡಿ ಹಾಕಿದ ಡಬ್ಬಿಗಳೆಲ್ಲ ಒಂದೇ ವೇಗದಲ್ಲಿ ಸಾಗಲೇಬೇಕು. ಹೀಗಾಗಿ ಮೊದಲ ದರ್ಜೆಯ ನವಾಬರೂ ಮೂರನೆಯ ದರ್ಜೆಯ ಕೂಲಿಕಾರರೂ ಸಿಕಂದರಾಬಾದನ್ನು ಒಂದೇ ನಿಮಿಷಕ್ಕೆ ಮುಟ್ಟುತ್ತಿದ್ದರು. ಹೆಚ್ಚು ದುಡ್ಡು ಕೊಟ್ಟವರಿಗೆ ಸುಖ ಸಿಕ್ಕಿತು, ವೇಗ ಸಿಗಲಿಲ್ಲ.

ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಎಲ್ಲಿ ಹೋದರೂ ಎರಡು ಸಂಗತಿ ಒಟ್ಟೊಟ್ಟಿಗೆ ಕಾಣುತ್ತವೆ. ನಿಸರ್ಗದ ನಿಯಮ ಎಲ್ಲರಿಗೂ ಒಂದೇ; ಅದರ ಸುಖ ಮತ್ತು ಕಷ್ಟ ಮಾತ್ರ ಸಮನಾಗಿ ಹಂಚಿಕೆಯಾಗಿರಲಿಲ್ಲ.

ಅರಮನೆಯ ನೆಲ, ಜಗಲಿಯ ನೆಲ

ಶಹರದ ದಕ್ಷಿಣಕ್ಕೆ ಗುಡ್ಡದ ಮೇಲೆ ಫಲಕ್‌ನುಮಾ ಅರಮನೆ ಇದೆ. ನವಾಬ್ ವಿಕಾರ್-ಉಲ್-ಉಮ್ರಾ 1884ರಲ್ಲಿ ಅದನ್ನು ಕಟ್ಟಿಸಲು ತೊಡಗಿದರು. ನೀವು ರೈಲಿನಲ್ಲಿ ಹಾದುಬಂದ ವಿಕಾರಾಬಾದಿಗೆ ಅವರದೇ ಹೆಸರು. ಅರಮನೆಗೆ ಇಟಲಿಯಿಂದ ಅಮೃತಶಿಲೆ ಬಂತು, ಸಮುದ್ರ ದಾಟಿ.

ನಿಮ್ಮ ಮನೆಯ ಜಗಲಿಗೆ ಯಾವ ಕಲ್ಲು? ತಾಂಡೂರಿನ ಪರಸಿ, ಅಲ್ಲವೇ? ನೀಲಿ, ಬೂದು, ಹಳದಿ ಬಣ್ಣದ ಚಪ್ಪಟೆ ಕಲ್ಲು. ಐವತ್ತು ಕೋಟಿ ವರ್ಷಗಳಿಗೂ ಬಹಳ ಹಿಂದೆ, ಮೀನುಗಳೂ ಹುಟ್ಟಿರದ ಕಾಲದಲ್ಲಿ, ಈ ಭಾಗದಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕುಳಿತು ಗಟ್ಟಿಯಾಯಿತು. ಉಳಿಯಿಟ್ಟು ಬಡಿದರೆ ತಾಂಡೂರಿನ ಕಲ್ಲು ಹಲಗೆಯಂತೆ ಏಳುವುದು ಆ ಪದರಗಳಿಂದಲೇ. ಇದಕ್ಕೆ ಸುಣ್ಣಕಲ್ಲು ಎನ್ನುತ್ತಾರೆ. ಇದರ ಮುಖ್ಯ ವಸ್ತು ಕ್ಯಾಲ್ಸಿಯಂ ಕಾರ್ಬೊನೇಟ್.

ಇನ್ನು ಅಮೃತಶಿಲೆಯ ಮುಖ್ಯ ವಸ್ತು ಯಾವುದು? ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ! ಸುಣ್ಣಕಲ್ಲು ಭೂಮಿಯ ಆಳಕ್ಕೆ ಹೋಗಿ, ಅಲ್ಲಿನ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ ಹೊಸ ಹರಳುಗಳಾಗಿ ಕೂಡಿಕೊಂಡಾಗ ಅಮೃತಶಿಲೆಯಾಗುತ್ತದೆ. ಒಂದೇ ಜೋಳದ ಹಿಟ್ಟು. ಒಂದು ಮುದ್ದೆಯಾಗಿಯೇ ಉಳಿಯಿತು, ಇನ್ನೊಂದು ಹಂಚಿನ ಮೇಲೆ ಬೆಂದು ರೊಟ್ಟಿಯಾಯಿತು. ಅರಮನೆಯ ನೆಲಕ್ಕೂ ಜಗಲಿಯ ನೆಲಕ್ಕೂ ಇರುವ ಸಂಬಂಧ ಇಷ್ಟೇ.

ನಂಬಿಕೆ ಬರದಿದ್ದರೆ ಪರೀಕ್ಷಿಸಿ ನೋಡಿ. ಪರಸಿಯ ಒಡೆದ ಚೂರನ್ನು ಕುಟ್ಟಿ ಪುಡಿಮಾಡಿ, ಮೇಲೆ ನಿಂಬೆರಸ ಹಿಂಡಿ. ಸಣ್ಣ ಗುಳ್ಳೆಗಳೇಳುತ್ತವೆ. ಹುಳಿಗೆ ಕಲ್ಲು ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿದೆ. ಅಮೃತಶಿಲೆಯ ಪುಡಿಯೂ ಹೀಗೆಯೇ ಗುಳ್ಳೆಯೇಳಿಸುತ್ತದೆ. ಆದರೆ ಮನೆಯ ನೆಲದ ಮೇಲೆ ಈ ಪ್ರಯೋಗ ಬೇಡ. ಹೊಳಪು ಹೋಗಿ ಕಲೆ ಉಳಿದರೆ ಅಮ್ಮನಿಗೆ ಉತ್ತರ ಹೇಳಬೇಕಾದವರು ನೀವೇ.

ತಂಪು ಎಲ್ಲಿಂದ ಬರುತ್ತದೆ?

ಈಗ ಬೇಸಿಗೆ. ದಖನ್ನಿನ ಒಣ ಬಿಸಿಲು ನಿಮಗೆ ಗೊತ್ತೇ ಇದೆ. ಶಹರದಲ್ಲಿ ವಿದ್ಯುತ್ ಬೀಸಣಿಗೆಗಳು ಇನ್ನೂ ಬಂದಿಲ್ಲ. ಬೆಂಗಳೂರಿನ ಬೀದಿಗಳಿಗೇ ವಿದ್ಯುದ್ದೀಪ ಬಂದದ್ದು 1905ರಲ್ಲಿ.

ಸಾಹೇಬರ ಬಂಗಲೆಯಲ್ಲಿ, ನವಾಬರ ದಿವಾನಖಾನೆಯಲ್ಲಿ ಚಾವಣಿಗೆ ಉದ್ದನೆಯ ಬಟ್ಟೆಯ ಪಂಕಾ ತೂಗುಬಿಟ್ಟಿದ್ದಾರೆ. ಅದಕ್ಕೆ ಕಟ್ಟಿದ ಹಗ್ಗ ಗೋಡೆಯ ತೂತಿನಿಂದ ಹೊರಗೆ ಹೋಗಿದೆ. ಹೊರಗೆ ಪಡಸಾಲೆಯಲ್ಲಿ ಒಬ್ಬ ಮನುಷ್ಯ ಕುಳಿತು ಹಗ್ಗ ಎಳೆಯುತ್ತಾನೆ, ಬಿಡುತ್ತಾನೆ, ಮತ್ತೆ ಎಳೆಯುತ್ತಾನೆ. ಸಾಹೇಬರು ಮಲಗಿದರೂ ಅವನು ಮಲಗುವಂತಿಲ್ಲ.

ಪಂಕಾ ಗಾಳಿಯನ್ನು ತಣ್ಣಗೆ ಮಾಡುತ್ತದೆಯೇ? ಇಲ್ಲ. ಕೋಣೆಯ ಉಷ್ಣಮಾಪಕವನ್ನು ಪಂಕಾದ ಕೆಳಗಿಟ್ಟರೂ ಪಾದರಸ ಇಳಿಯುವುದಿಲ್ಲ. ತಣ್ಣಗಾಗುವುದು ನಮ್ಮ ಮೈ. ಬೆವರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಚರ್ಮದಿಂದ ಪಡೆಯುತ್ತದೆ. ಗಾಳಿ ಬೀಸಿದರೆ ಮೈಯ ಸುತ್ತಲಿನ ತೇವದ ಗಾಳಿ ಸರಿದು ಒಣಗಾಳಿ ಬರುತ್ತದೆ, ಬೆವರು ಬೇಗ ಆರುತ್ತದೆ. ತಮಾಷೆ ನೋಡಿ: ಒಳಗಿನವನ ಬೆವರು ಆರಿಸಲು ಹೊರಗಿನವನು ಬೆವರು ಸುರಿಸುತ್ತಿದ್ದ. ಇಂದು ನಿಮ್ಮ ಮನೆಯ ಫ್ಯಾನಿನಲ್ಲಿ ಮೋಟಾರು ಮಾಡುವ ಕೆಲಸವನ್ನು ಅಂದು ಒಬ್ಬ ಮನುಷ್ಯನ ತೋಳು ಮಾಡುತ್ತಿತ್ತು.

ಕಿಟಕಿ ಬಾಗಿಲಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಬಿಸಿಗಾಳಿ ಒದ್ದೆ ಬೇರುಗಳ ನಡುವೆ ನುಗ್ಗಿ ಬರುವಾಗ ನೀರು ಆವಿಯಾಗುತ್ತದೆ, ಗಾಳಿ ತನ್ನ ಶಾಖ ಕಳೆದುಕೊಳ್ಳುತ್ತದೆ. ಇಲ್ಲಿ ಗಾಳಿಯೇ ನಿಜವಾಗಿ ತಣ್ಣಗಾಗುತ್ತದೆ, ಘಮಘಮ ವಾಸನೆಯೂ ಬರುತ್ತದೆ. ಆದರೆ ಮಧ್ಯಾಹ್ನವೆಲ್ಲ ತಟ್ಟಿಗೆ ನೀರು ಹಾಕಲು ಇನ್ನೊಬ್ಬ ಆಳು ಬೇಕು.

ಬಡವರ ಗುಡಿಸಲಲ್ಲಿ ಪಂಕಾ ಇಲ್ಲ, ತಟ್ಟಿ ಇಲ್ಲ. ಮೂಲೆಯಲ್ಲಿ ಮಣ್ಣಿನ ಗಡಿಗೆ ಇದೆ. ಅದರ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಒಳಗಿನ ನೀರು ತಂಪಾಗುತ್ತದೆ. ಲಾವಂಚದ ತಟ್ಟಿಯಲ್ಲಿ ನಡೆಯುವುದೂ ಇದೇ ವಿಜ್ಞಾನ. ಗಡಿಗೆಗೆ ಆಳು ಬೇಡ, ಹಗ್ಗ ಬೇಡ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ತುಂಬಿದಾಗ ನವಾಬರ ತಟ್ಟಿಯೂ ಸೋಲುತ್ತದೆ, ನಮ್ಮ ಗಡಿಗೆಯೂ ಸೋಲುತ್ತದೆ.

ಬಿಳಿ ಅನ್ನ ಮತ್ತು ಕೋಳಿಗಳು

ಊಟದ ಹೊತ್ತು. ದೊಡ್ಡವರ ಮನೆಯಲ್ಲಿ ನಯವಾಗಿ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಬಿರಿಯಾನಿ. ಬೀದರ್, ನಾರಾಯಣಖೇಡದ ಕಡೆಯಿಂದ ಕೆಲಸ ಹುಡುಕಿ ಬಂದವರ ಗಂಟಿನಲ್ಲಿ ಜೋಳದ ರೊಟ್ಟಿ, ಕಾರದ ಪುಡಿ, ಉಳ್ಳಾಗಡ್ಡಿ. ಬಿಳಿ ಅನ್ನ ಉಣ್ಣುವುದು ದೊಡ್ಡಸ್ತಿಕೆ, ಒರಟು ಧಾನ್ಯ ತಿನ್ನುವುದು ಬಡತನ ಎಂದೇ ಆಗ ಎಲ್ಲರ ಎಣಿಕೆ.

ಅದೇ ಕಾಲದಲ್ಲಿ, ಬಹಳ ದೂರದ ಜಾವಾ ದ್ವೀಪದಲ್ಲಿ, ಕ್ರಿಶ್ಚಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಬೆರಿಬೆರಿ ರೋಗದ ಬೆನ್ನು ಹತ್ತಿದ್ದ. ಈ ರೋಗ ಬಂದವರ ಕಾಲು ಸೋತು ನಡೆಯಲಾಗುವುದಿಲ್ಲ. ಒಂದು ದಿನ ಅವನ ಪ್ರಯೋಗಾಲಯದ ಕೋಳಿಗಳೂ ಹಾಗೆಯೇ ತೂರಾಡತೊಡಗಿದವು. ಕೆಲವು ತಿಂಗಳ ನಂತರ ತಮ್ಮಷ್ಟಕ್ಕೆ ಗುಣವಾದವು. ಔಷಧ ಕೊಟ್ಟಿರಲಿಲ್ಲ. ಮತ್ತೇನಾಯಿತು?

ವಿಚಾರಿಸಿದಾಗ ಗೊತ್ತಾದದ್ದು ಇಷ್ಟು. ಕೋಳಿಗಳಿಗೆ ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ಹಾಕುತ್ತಿದ್ದರು. ಅಲ್ಲಿಗೆ ಹೊಸ ಅಡುಗೆಯವನು ಬಂದ. ಸೈನಿಕರ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡುವುದಿಲ್ಲ ಎಂದುಬಿಟ್ಟ! ಕೋಳಿಗಳಿಗೆ ಅಗ್ಗದ, ತೌಡು ತೆಗೆಯದ ಅಕ್ಕಿ ಬಂತು. ಅದನ್ನು ತಿಂದು ಅವು ಗುಣವಾದವು. ಅಕ್ಕಿಯನ್ನು ಬೆಳ್ಳಗೆ ಮಾಡಲು ಉಜ್ಜಿ ತೆಗೆಯುವ ತೌಡಿನಲ್ಲೇ ಬಿ1 ಎಂಬ ಜೀವಸತ್ವ ಇರುವುದು ಮುಂದೆ ತಿಳಿಯಿತು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು.

ಜೋಳವನ್ನು ಸಿಪ್ಪೆಸಮೇತ ಬೀಸುತ್ತೇವೆ. ಹೀಗಾಗಿ ಬಡವರ ರೊಟ್ಟಿಯಲ್ಲಿ ಬಿ1 ಉಳಿದಿರುತ್ತಿತ್ತು. ಹಾಗೆಂದು ಬಡವರು ಆರೋಗ್ಯವಾಗಿ, ಹಾಯಾಗಿ ಇದ್ದರು ಎಂದುಕೊಳ್ಳಬೇಡಿ. ರೊಟ್ಟಿ ಒಳ್ಳೆಯದು ನಿಜ, ಆದರೆ ರೊಟ್ಟಿ ಇರಬೇಕಲ್ಲ! 1876ರಿಂದ 1878ರವರೆಗೆ ಮತ್ತು 1899–1900ರಲ್ಲಿ ದಖನ್ನಿನಲ್ಲಿ ದೊಡ್ಡ ಬರಗಾಲಗಳು ಬಂದವು. ಮಳೆ ಎಲ್ಲರಿಗೂ ತಪ್ಪಿತು. ಹಗೇವಿನಲ್ಲಿ ಜೋಳ ತುಂಬಿಟ್ಟವರು ಉಳಿದುಕೊಂಡರು, ದಿನಗೂಲಿಯನ್ನೇ ನಂಬಿದವರು ಊರು ಬಿಟ್ಟರು.

ರುಚಿಯಾದ ನೀರು

ಶಹರದಲ್ಲಿ ಬೆಳಗಾಯಿತೆಂದರೆ ಬೀದಿಯಲ್ಲಿ ಭಿಸ್ತಿಗಳು ಕಾಣುತ್ತಾರೆ. ಆಡಿನ ಚರ್ಮದ ಮಶಕದಲ್ಲಿ ನೀರು ತುಂಬಿ, ಬೆನ್ನಿಗೆ ಹೊತ್ತು, ಮನೆಮನೆಗೆ ಹಾಕುವವರು. ದೊಡ್ಡ ದೇವಡಿಗಳಲ್ಲಿ ಸ್ವಂತ ಬಾವಿ, ಅಂಗಳದಲ್ಲಿ ಕಾರಂಜಿ. ಬಡವರ ಓಣಿಗೆಲ್ಲ ಸೇರಿ ಒಂದು ಬಾವಿ, ಅದರ ಹತ್ತಿರವೇ ಬಚ್ಚಲ ಗುಂಡಿ.

ಕಾಲರಾ ಬಂದರೆ ಅದಕ್ಕೆ ಕೆಟ್ಟ ಗಾಳಿಯೇ ಕಾರಣ ಎಂದು ಅಂದಿನ ದೊಡ್ಡ ದೊಡ್ಡ ವೈದ್ಯರೂ ನಂಬಿದ್ದರು. ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯ ಮಾತ್ರ ಒಪ್ಪಲಿಲ್ಲ. 1854ರಲ್ಲಿ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತ ಕಾಲರಾದಿಂದ ಆರುನೂರಕ್ಕೂ ಹೆಚ್ಚು ಜನ ಸತ್ತರು. ಸ್ನೋ ಮನೆಮನೆಗೆ ಹೋಗಿ, ಸಾವು ಸಂಭವಿಸಿದ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿದ. ಹೆಚ್ಚಿನ ಗುರುತುಗಳು ಒಂದು ಕೈಪಂಪಿನ ಸುತ್ತ ಗುಂಪುಗೂಡಿದ್ದವು.

ಆದರೆ ಒಂದು ಸಾವು ಬಹಳ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಆಗಿತ್ತು. ಅಲ್ಲಿ ಕಾಲರಾ ಇರಲೇ ಇಲ್ಲ. ಸತ್ತವಳು ಅನುಕೂಲಸ್ಥ ವಿಧವೆ. ಸ್ನೋ ಅವಳ ಮಗನನ್ನು ಕೇಳಿದ. ಮೊದಲು ಬ್ರಾಡ್ ಸ್ಟ್ರೀಟಿನಲ್ಲಿದ್ದ ಆಕೆಗೆ ಅಲ್ಲಿಯ ಪಂಪಿನ ನೀರಿನ ರುಚಿ ಬಹಳ ಇಷ್ಟ. ಅದಕ್ಕೇ ದಿನವೂ ಗಾಡಿಯಲ್ಲಿ ಒಂದು ಬಾಟಲಿ ತರಿಸಿ ಕುಡಿಯುತ್ತಿದ್ದಳಂತೆ! ಅವಳು ಓಣಿ ಬಿಟ್ಟಿದ್ದಳು, ನೀರು ಬಿಟ್ಟಿರಲಿಲ್ಲ. ಗಾಳಿಯಿಂದಲೇ ರೋಗ ಬರುವುದಾದರೆ ಅವಳಿಗೆ ಬರಬಾರದಿತ್ತು. ಸ್ನೋನ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ಪಂಪಿನ ಹಿಡಿಯನ್ನು ಕಳಚಿ ಹಾಕಿಸಿದರು. ಮೂವತ್ತು ವರ್ಷಗಳ ನಂತರ ರಾಬರ್ಟ್ ಕಾಕ್ ಎಂಬ ಜರ್ಮನ್ ವಿಜ್ಞಾನಿ ಕಲ್ಕತ್ತೆಯಲ್ಲಿ ಕಾಲರಾದ ಬ್ಯಾಕ್ಟೀರಿಯಾವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ.

ಈ ಕಥೆಯಲ್ಲಿ ಎರಡು ಪಾಠಗಳಿವೆ. ರುಚಿಯಾದ, ತಿಳಿಯಾದ ನೀರು ಶುದ್ಧವಾಗಿಯೇ ಇರಬೇಕೆಂದಿಲ್ಲ. ಬ್ಯಾಕ್ಟೀರಿಯಾ ಕಣ್ಣಿಗೆ ಕಾಣದು. ಇನ್ನೊಂದು, ಬಡವರ ಬಾವಿ ಕೆಟ್ಟರೆ ಅದರ ನೀರು ಯಾವ ದಾರಿ ಹಿಡಿದು ಯಾರ ಮನೆ ಸೇರುತ್ತದೋ ಹೇಳಲಾಗದು. ಈ ಅರಿವು ಬಂದ ಮೇಲೆಯೇ ಊರೂರುಗಳು ಎಲ್ಲ ಓಣಿಗಳಿಗೂ ಕೊಳಾಯಿ ಹಾಕಲು ಮನಸ್ಸು ಮಾಡಿದವು. ಬೆಂಗಳೂರಿಗೆ ಹೆಸರಘಟ್ಟ ಕೆರೆಯಿಂದ ಕೊಳವೆಯಲ್ಲಿ ನೀರು ಬಂದದ್ದು 1890ರ ದಶಕದಲ್ಲಿ.

ರಾಣಿಯ ನೋವು, ಆಸ್ಪತ್ರೆಯ ನೋವು

ಇದೇ ಜಾನ್ ಸ್ನೋ ಇನ್ನೊಂದು ವಿದ್ಯೆಯಲ್ಲೂ ಪಳಗಿದ್ದ. ನೋವು ತಿಳಿಯದಂತೆ ಕ್ಲೋರೋಫಾರಂ ಮೂಸಿಸುವ ವಿದ್ಯೆ. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯಲ್ಲಿ ಅವಳಿಗೆ ಕ್ಲೋರೋಫಾರಂ ಕೊಟ್ಟವನು ಅವನೇ. ಒಂದು ವರ್ಷ ರಾಣಿಯ ಹಾಸಿಗೆಯ ಪಕ್ಕ, ಮರುವರ್ಷ ಬಡವರ ಕೈಪಂಪಿನ ಪಕ್ಕ!

ಕ್ಲೋರೋಫಾರಂ ಕೊಟ್ಟಾಗ ಒಮ್ಮೊಮ್ಮೆ ರೋಗಿ ಸಾಯುತ್ತಿದ್ದುದುಂಟು. ಉಸಿರು ನಿಂತು ಸಾಯುತ್ತಾರೋ, ಹೃದಯ ನಿಂತು ಸಾಯುತ್ತಾರೋ? ಜಗತ್ತಿನ ವೈದ್ಯರೆಲ್ಲ ಜಗಳಾಡುತ್ತಿದ್ದ ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಎಲ್ಲಿ ಗೊತ್ತೇ? ನಮ್ಮ ಹೈದರಾಬಾದಿನಲ್ಲಿ! ರೆಸಿಡೆನ್ಸಿಯ ವೈದ್ಯ ಎಡ್ವರ್ಡ್ ಲಾರಿಯ ಮುಂದಾಳತ್ವದಲ್ಲಿ 1888ರಲ್ಲಿ ಮತ್ತು 1889ರಲ್ಲಿ ಎರಡು ಆಯೋಗಗಳು ಕೆಲಸ ಮಾಡಿದವು. ಎರಡನೆಯದಕ್ಕೆ ಲಂಡನ್ನಿನಿಂದ ತಜ್ಞರನ್ನು ಕರೆಸಲು ನಿಜಾಮರು 1000 ಪೌಂಡ್ ಕೊಟ್ಟರು. ನೂರಾರು ನಾಯಿಗಳು, ಇತರ ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಇಂದು ಅಂಥ ಪ್ರಯೋಗಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಉಸಿರಾಟವನ್ನು ಕಾದರೆ ಸಾಕು, ಹೃದಯಕ್ಕೆ ಅಪಾಯವಿಲ್ಲ ಎಂದು ಆಯೋಗ ತೀರ್ಮಾನಿಸಿತು.

ಆ ತೀರ್ಮಾನ ಪೂರ್ತಿ ಸರಿಯಲ್ಲ ಎಂದು ಮುಂದೆ ತಿಳಿಯಿತು. ಕ್ಲೋರೋಫಾರಂ ಹೃದಯದ ಬಡಿತವನ್ನೂ ಕೆಡಿಸಬಲ್ಲದು ಎಂದು 1911ರಲ್ಲಿ ಲೆವಿ ಎಂಬ ವಿಜ್ಞಾನಿ ತೋರಿಸಿದ. ವಿಜ್ಞಾನದಲ್ಲಿ ನಿಜಾಮರ ಹಣದಿಂದ ಬಂದ ಉತ್ತರವಾದರೂ ಸರಿ, ತಪ್ಪಿದ್ದರೆ ತಿದ್ದಲೇಬೇಕು.

ಆದರೂ ಹೈದರಾಬಾದಿನಲ್ಲಿ ಒಂದು ದೊಡ್ಡ ಕೆಲಸವಾಯಿತು. ಅಲ್ಲಿನ ವೈದ್ಯಶಾಲೆ 1846ರಿಂದಲೂ ವೈದ್ಯವಿದ್ಯೆ ಕಲಿಸುತ್ತಿತ್ತು. ಅಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ತರುಣಿ ಓದಿ, ರೋಗಿಗಳಿಗೆ ಕ್ಲೋರೋಫಾರಂ ಕೊಡುವುದರಲ್ಲಿ ಪರಿಣತಳಾದಳು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಆಕೆಯ ಹೆಸರೂ ಇದೆ. ಲಂಡನ್ನಿನಲ್ಲಿ ರಾಣಿಗೆ ಸಿಕ್ಕ ನೋವಿಲ್ಲದ ನಿದ್ದೆ ಹೈದರಾಬಾದಿನ ಅಫ್ಜಲ್‌ಗಂಜ್ ಆಸ್ಪತ್ರೆಯ ಸಾಮಾನ್ಯ ರೋಗಿಗೂ ಸಿಕ್ಕಿತು.

ಒಂದಾಣೆಗೆ ಒಂದು ಕಡಿತ

ಈಗ ಸಿಕಂದರಾಬಾದಿನ ಬೇಗಂಪೇಟೆಗೆ ಬನ್ನಿ. 1897ರ ಆಗಸ್ಟ್. ಸೈನಿಕ ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತಿದ್ದಾನೆ. ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳಿಗೆ ತುಕ್ಕು ಹಿಡಿದಿದೆ. ಆದರೂ ಪಂಕಾ ಎಳೆಸುವಂತಿಲ್ಲ! ಗಾಳಿ ಬಂದರೆ ಗಾಜಿನ ಮೇಲೆ ಬಿಡಿಸಿಟ್ಟ ಸೊಳ್ಳೆಯ ತುಣುಕುಗಳು ಹಾರಿಹೋಗುತ್ತವೆ. ಸೊಳ್ಳೆಯ ದೆಸೆಯಿಂದ ಸಾಹೇಬನೂ ಪಂಕಾ ಎಳೆಯುವವನಷ್ಟೇ ಬೆವರಿದ.

ಮಲೇರಿಯಾಕ್ಕೂ ಜವುಗುನೆಲದ ಕೆಟ್ಟ ಗಾಳಿಯೇ ಕಾರಣ ಎಂದು ಹಿಂದಿನಿಂದ ನಂಬಿದ್ದರು. 1880ರಲ್ಲಿ ಲಾವೆರನ್ ಎಂಬ ಫ್ರೆಂಚ್ ವೈದ್ಯ ರೋಗಿಗಳ ರಕ್ತದಲ್ಲಿ ಒಂದು ಪರಾವಲಂಬಿ ಜೀವಿಯನ್ನು ಕಂಡ. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹೇಗೆ? ಸೊಳ್ಳೆಯಿಂದ ಇರಬಹುದೆಂದು ರಾಸ್‌ಗೆ ಅನುಮಾನ. ಎರಡು ವರ್ಷ ಸೊಳ್ಳೆಗಳನ್ನು ಕೊಯ್ದು ನೋಡಿದರೂ ಏನೂ ಸಿಗಲಿಲ್ಲ. ಅವು ಬೇರೆ ಜಾತಿಯ ಸೊಳ್ಳೆಗಳಾಗಿದ್ದವು. ಕೊನೆಗೆ ಸಹಾಯಕರು ತಂದ ಮರಿಹುಳುಗಳಿಂದ ರೆಕ್ಕೆಯ ಮೇಲೆ ಚುಕ್ಕೆಗಳಿರುವ ಕಂದು ಸೊಳ್ಳೆಗಳು ಹೊರಬಂದವು. ಅವೇ ಅನಾಫಿಲಿಸ್.

ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಪರದೆಯೊಳಗೆ ಮಲಗಿಸಿ ಆ ಸೊಳ್ಳೆಗಳಿಂದ ಕಚ್ಚಿಸಿದರು. ರಕ್ತ ಹೀರಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಅವನಿಗೆ ಕೂಲಿ. ಹದಿನಾರು ಆಣೆಗೆ ಒಂದು ರೂಪಾಯಿ. ನಾಲ್ಕು ದಿನ ಕಳೆದು ಆಗಸ್ಟ್ 20ರಂದು ರಾಸ್ ಒಂದು ಸೊಳ್ಳೆಯ ಹೊಟ್ಟೆಯ ಗೋಡೆ ನೋಡಿದ. ಅಲ್ಲಿ ದುಂಡನೆಯ ಕೋಶಗಳು, ಕೋಶದೊಳಗೆ ಕಪ್ಪು ಕಣಗಳು. ಮಲೇರಿಯಾದ ಪರಾವಲಂಬಿ ರಕ್ತವನ್ನು ಜೀರ್ಣಿಸಿಕೊಂಡಾಗ ಉಳಿಯುವ ಕಣಗಳವು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅದೇ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಅಂದರೆ ರೋಗದ ಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿದೆ! ಮುಂದಿನ ವರ್ಷ ಕಲ್ಕತ್ತೆಯಲ್ಲಿ ಪಕ್ಷಿಗಳ ಮಲೇರಿಯಾವನ್ನು ಅಭ್ಯಾಸ ಮಾಡಿ, ಆ ಜೀವಿ ಸೊಳ್ಳೆಯ ಜೊಲ್ಲಿನ ಗ್ರಂಥಿ ಸೇರಿ ಕಡಿತದ ಮೂಲಕ ಹರಡುತ್ತದೆ ಎಂದು ಅವನೇ ತೋರಿಸಿದ. ಆಗಸ್ಟ್ 20ನ್ನು ಈಗಲೂ ವಿಶ್ವ ಸೊಳ್ಳೆ ದಿನ ಎನ್ನುತ್ತಾರೆ.

1902ರಲ್ಲಿ ರಾಸ್‌ಗೆ ನೊಬೆಲ್ ಬಹುಮಾನ ಬಂತು. ಹುಸೇನ್ ಖಾನ್‌ಗೆ ಬಂದದ್ದು ಕೆಲವು ಆಣೆ. ಈ ಕಥೆ ಓದುವಾಗ ಎರಡೂ ಹೆಸರು ಹೇಳಬೇಕು. ಮರಿಹುಳು ಹಿಡಿದು ತಂದವರನ್ನೂ ಮರೆಯಬಾರದು.

ನಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಸೊಳ್ಳೆ ಟಿಕೆಟ್ ಕೇಳುವುದಿಲ್ಲ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಬೆವರಿನ ವಾಸನೆ ಹಿಡಿದು ಬರುತ್ತದೆ. ಅವು ನವಾಬರಲ್ಲೂ ಇವೆ, ಭಿಸ್ತಿಯಲ್ಲೂ ಇವೆ. ಸೊಳ್ಳೆಗೆ ಭೇದವಿರಲಿಲ್ಲ. ಆದರೆ ಸೊಳ್ಳೆಪರದೆ ಇದ್ದವರು ಮತ್ತು ಇಲ್ಲದವರು, ಕ್ವಿನೈನ್ ಕೊಳ್ಳಬಲ್ಲವರು ಮತ್ತು ಕೊಳ್ಳಲಾರದವರು ಎಂಬ ಭೇದ ಮನುಷ್ಯರಲ್ಲಿತ್ತು. ರೋಗ ಯಾರಿಗಾದರೂ ಬರಬಹುದಿತ್ತು, ಹೆಚ್ಚಾಗಿ ಬಂದದ್ದು ಬಡವರಿಗೆ.

ಹೊಳೆ ಉಕ್ಕಿದ ದಿನ

ವಿಕ್ಟೋರಿಯಾ ರಾಣಿ ತೀರಿಕೊಂಡು ಏಳು ವರ್ಷವಾಗಿತ್ತು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿತು. ಮೂಸಿ ಹುಟ್ಟುವುದು ನಿಮ್ಮ ಕಡೆಯೇ, ವಿಕಾರಾಬಾದಿನ ಅನಂತಗಿರಿ ಗುಡ್ಡದಲ್ಲಿ. ಆ ಗುಡ್ಡಗಳ ಪೂರ್ವಕ್ಕೆ ಇಳಿದ ನೀರು ಮೂಸಿಯಾಗಿ ಹೈದರಾಬಾದಿಗೆ ಹೋಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ಕಾಗಿಣೆಯಾಗಿ ತಾಂಡೂರು ಹಾದು ಭೀಮೆಯನ್ನು ಸೇರುತ್ತದೆ. ಕೊನೆಗೆ ಎರಡೂ ಕೃಷ್ಣೆಗೇ ಸೇರುತ್ತವೆ.

ಅಂದು ಸಾವಿರಾರು ಜನ ಸತ್ತರು. ನೀರು ಇಳಿಜಾರಿಗೆ ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಹೊಳೆದಂಡೆಯ ತಗ್ಗಿನಲ್ಲಿ ಇದ್ದವರು ಹೆಚ್ಚಾಗಿ ಬಡವರು. ಮಣ್ಣಿನ ಗೋಡೆ ನೆನೆದು ಕುಸಿಯಿತು. ಗುಡ್ಡದ ಮೇಲಿನ ಅರಮನೆಗೆ ಏನೂ ಆಗಲಿಲ್ಲ. ಅಫ್ಜಲ್‌ಗಂಜಿನ ಒಂದು ಹುಣಸೆಮರವನ್ನು ಹತ್ತಿ ಸುಮಾರು 150 ಜನ ಬದುಕಿದರು. ಆ ಮರವನ್ನು ಜನ ಈಗಲೂ ತೋರಿಸುತ್ತಾರೆ.

ಮುಂದೆ ಹೀಗಾಗದಂತೆ ಏನು ಮಾಡಬೇಕೆಂದು ಕೇಳಲು ನಿಜಾಮರು ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ಇಂಜಿನಿಯರ್ ವಿಶ್ವೇಶ್ವರಯ್ಯನವರನ್ನು. ಅವರು ದಂಡೆಯ ಗೋಡೆ ಎತ್ತರಿಸಿ ಎಂದಷ್ಟೇ ಹೇಳಲಿಲ್ಲ. ಶಹರಕ್ಕಿಂತ ಮೇಲ್ಭಾಗದಲ್ಲೇ ನೀರನ್ನು ತಡೆದು, ನಿಧಾನವಾಗಿ ಬಿಡಬೇಕೆಂದರು. ಹೀಗೆ 1920ರಲ್ಲಿ ಉಸ್ಮಾನ್‌ಸಾಗರ, 1927ರಲ್ಲಿ ಹಿಮಾಯತ್‌ಸಾಗರ ಸಿದ್ಧವಾದವು. ಜಲಾಶಯ ಕಟ್ಟಿದರೆ ತಗ್ಗಿನ ಮನೆಗೂ ರಕ್ಷಣೆ, ಎತ್ತರದ ಮನೆಗೂ ಕುಡಿಯುವ ನೀರು. ಶಹರ ಬೆಳೆದ ಮೇಲೆ ನಿಮ್ಮ ಮಂಜೀರೆಯ ನೀರೂ ಸಿಂಗೂರಿನಿಂದ ಅಲ್ಲಿಗೆ ಹೋಯಿತು.

ಇನ್ನು ನಿಮ್ಮ ಸರದಿ

ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಅವನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ನೋಡಿದರೆ ಕಿಟಕಿಯ ಹೊರಗೆ ನೀರು ತುಂಬಿದ ತೊಟ್ಟಿ, ಅದರ ತುಂಬ ಮರಿಹುಳುಗಳು. ನೀರು ಚೆಲ್ಲಿಸಿದ, ಕಾಟ ಕಡಿಮೆಯಾಯಿತು. ಅವನ ದೊಡ್ಡ ಸಂಶೋಧನೆಗೆ ಹದಿನಾಲ್ಕು ವರ್ಷ ಮೊದಲಿನ ಮಾತಿದು.

ನೀವೂ ಇದನ್ನು ಮಾಡಬಹುದು. ಬೇಸಿಗೆ, ಮಳೆಗಾಲಗಳಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿ, ತಿಕ್ಕಿ, ಒಣಗಿಸಿದರೆ ಮರಿಹುಳು ಸೊಳ್ಳೆಯಾಗುವ ಮೊದಲೇ ಸಾಯುತ್ತದೆ. ಮನೆಯ ನೀರಿನ ತೊಟ್ಟಿ, ದನದ ಬಾನಿ, ಹಳೆಯ ಟೈರು, ಒಡೆದ ಗಡಿಗೆ, ಹೂವಿನ ಕುಂಡದ ತಟ್ಟೆ, ಕೂಲರಿನ ತೊಟ್ಟಿ ಎಲ್ಲವನ್ನೂ ನೋಡಿ. ಶುಕ್ರವಾರವೋ ಭಾನುವಾರವೋ ಒಂದು ದಿನ ಗೊತ್ತುಮಾಡಿಕೊಳ್ಳಿ.

ಬಳಿಕ ಒಂದು ಲೆಕ್ಕ ಮಾಡಿ. ನಿಮ್ಮ ಓಣಿಯಲ್ಲಿ ಹತ್ತು ಮನೆಗಳಿವೆ ಎನ್ನಿ. ಒಂಬತ್ತು ಮನೆಯವರು ನೀರು ಚೆಲ್ಲಿದರು, ಒಂದು ಮನೆಯವರು ಚೆಲ್ಲಲಿಲ್ಲ. ಹೆಣ್ಣುಸೊಳ್ಳೆ ಒಂದು ಸಲಕ್ಕೆ ನೂರರಷ್ಟು ಮೊಟ್ಟೆ ಇಡಬಲ್ಲದು. ಅನಾಫಿಲಿಸ್ ಒಂದೆರಡು ಕಿಲೋಮೀಟರ್ ದೂರ ಹಾರಬಲ್ಲದು. ಆ ಒಂದು ತೊಟ್ಟಿಯ ಸೊಳ್ಳೆಗಳು ಎಷ್ಟು ಮನೆಗಳಿಗೆ ಹೋಗಬಹುದು? ಉತ್ತರ ಬರೆದ ಮೇಲೆ ಆ ಹತ್ತನೆಯ ಮನೆಗೆ ಹೋಗಿ ನೋಡಿ. ಅಲ್ಲಿ ಸೋಮಾರಿಗಳೇ ಇರಬೇಕೆಂದಿಲ್ಲ. ನಳದ ನೀರು ವಾರಕ್ಕೊಮ್ಮೆ ಮಾತ್ರ ಬರುವುದರಿಂದ ನೀರು ಹಿಡಿದಿಡದೆ ಗತಿಯಿಲ್ಲದ ಮನೆ ಅದಾಗಿರಬಹುದು. ಹಾಗಿದ್ದರೆ ಬೈಯುವುದರಿಂದ ಸೊಳ್ಳೆ ಕಡಿಮೆಯಾಗದು. ತೊಟ್ಟಿಗೆ ಬಿಗಿಯಾದ ಮುಚ್ಚಳ ಹೊಂದಿಸಲು ನೆರವಾಗಿ, ಆ ಮನೆಗೂ ನಳದ ನೀರು ದಿನವೂ ಬರಲಿ ಎಂದು ಪಂಚಾಯಿತಿಗೆ ಓಣಿಯವರೆಲ್ಲ ಸೇರಿ ಅರ್ಜಿ ಬರೆಯಿರಿ. ಹತ್ತನೆಯ ಮನೆಯ ತೊಟ್ಟಿ ಮುಚ್ಚಿದರೆ ಉಳಿದ ಒಂಬತ್ತು ಮನೆಯವರಿಗೂ ಮಲೇರಿಯಾದ ಅಪಾಯ ಕಡಿಮೆಯಾಗುತ್ತದೆ.